ದೇವಿಕೊಪ್ಪದ ಹಾದಿಯಲ್ಲಿ ಕಾದ ಗಾಡಿ

ಹೋದ ತಿಂಗಳು ಒಂದು ಮುಂಜಾನೆ ನಮ್ಮ ಮನೆಯ ಕುಕ್ಕರಿನ ರಬ್ಬರು ಕೈಕೊಟ್ಟಿತು. ಬೇಳೆಯ ಜೊತೆ ಕುದಿಯುತ್ತಿದ್ದ ಅರಿಷಿಣದ ನೀರು ಮುಚ್ಚಳದ ಸುತ್ತ ಬುಸುಗುಡುತ್ತ ಉಕ್ಕಿ, ಒಲೆಯ ಕಾದ ಕಬ್ಬಿಣದ ಮೇಲೆ ಹರಿದು ಅಲ್ಲೇ ಸೀದುಹೋಯಿತು. ಓಡಿ ಹೋಗಿ ಗ್ಯಾಸು ಆರಿಸಬೇಕಾದವಳು ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕಾದ ಕಬ್ಬಿಣ, ಬೆಂದ ರಬ್ಬರು, ಸೀದ ಅರಿಷಿಣ ಕೂಡಿದ ಆ ವಾಸನೆ ನನ್ನ ಮೂಗಿಗೆ ಬಂದು ನಾಲ್ವತ್ತು ವರ್ಷದ ಹತ್ತಿರ ಆಗಿರಬೇಕು. ಶಿವರಾತ್ರಿ ಕಳೆದ ಮೇಲಿನ ಬಿಸಿಲು, ಎರಡೂ ಕಡೆ ಬಿರುಕು ಬಿಟ್ಟ ಎರೆಹೊಲ, ಬಾನೆಟ್ಟು ಎತ್ತಿಕೊಂಡು ರಸ್ತೆಯ ಬದಿಗೆ ನಿಂತ ಹಸಿರು ಗಾಡಿ, ಅದರ ಮುಂದೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತ ನಮ್ಮ ಆಯಿ, ಎಲ್ಲವೂ ಒಮ್ಮೆಲೇ ಎದುರಿಗೆ ಬಂದವು. ನಿಮಗೂ ಇಂಥ ಯಾವುದೋ ಒಂದು ವಾಸನೆ ಇರಬಹುದು. ಅದು ಬಂದಾಗ ನೀವೂ ಯಾರಿಗೂ ಹೇಳದೆ ಹೀಗೇ ಸುಮ್ಮನೆ ನಿಲ್ಲುತ್ತಿರಬಹುದು.

ಆಯಿ ಅಂದರೆ ಅಪ್ಪನ ಅವ್ವ, ನೀಲವ್ವ. ನವಲಗುಂದದಲ್ಲಿ ಜಮಖಾನ ನೇಯುವವರ ಓಣಿಗೆ ಹತ್ತಿಕೊಂಡು ನಮ್ಮ ಮನೆ ಇತ್ತು. ಮೊಳದಗಲದ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಉರಿ ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ನೀರಿನ ಹರವಿಯೊಳಗೆ ಇಳಿದಷ್ಟು ತಂಪು. ಮುಂಜಾನೆ ಅಡುಗೆಮನೆಯಲ್ಲಿ ಆಯಿ ರೊಟ್ಟಿ ಬಡಿಯುವ ಸಪ್ಪಳವೂ ಗೋಡೆಯಾಚೆ ಜಮಖಾನದ ನೂಲು ಬಡಿಯುವ ಕಬ್ಬಿಣದ ಪಂಜಾದ ಸಪ್ಪಳವೂ ಒಂದರ ಹಿಂದೊಂದು ಕೇಳುತ್ತಿದ್ದವು. ಹಾಸಿಗೆಯಲ್ಲಿ ಮಲಗಿಕೊಂಡೇ ಯಾವುದು ಯಾವುದೆಂದು ನಾನು ಗುರುತಿಸುತ್ತಿದ್ದೆ. ಅಂಗಳದಲ್ಲಿ ಒಂದು ಬೇವಿನ ಗಿಡ, ಗಿಡದ ನೆರಳಿಗೆ ಆ ಗಾಡಿ. ಗಾಡಿ ಅಪ್ಪನ ತಮ್ಮ ಮಲ್ಲಣ್ಣ ಕಾಕಾನದು. ಕಾಕಾ ಊರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ. ಹುಬ್ಬಳ್ಳಿಯಲ್ಲಿ ಓದುವಾಗ ಒಬ್ಬ ಮುದುಕ ಡಾಕ್ಟರರ ಮನೆಯ ಹಿಂದಿನ ಖೋಲಿಯಲ್ಲಿ ಇರುತ್ತಿದ್ದ. ಡಾಕ್ಟರರಿಗೆ ತಮ್ಮವರೆಂದು ಯಾರೂ ಇರಲಿಲ್ಲ, ಕಡೆಯ ದಿನಗಳಲ್ಲಿ ಕಾಕಾನೇ ಅವರನ್ನು ನೋಡಿಕೊಂಡ. ತೀರಿಕೊಳ್ಳುವ ಮುಂಚೆ ಅವರು ತಮ್ಮ ಹರೆಯದಲ್ಲಿ ತರಿಸಿಕೊಂಡಿದ್ದ ಇಂಗ್ಲೆಂಡಿನ ಸ್ಪೋರ್ಟ್ಸ್ ಗಾಡಿಯನ್ನು ಕಾಕಾನ ಹೆಸರಿಗೆ ಮಾಡಿ ಹೋದರು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹೊದಿಕೆ, ಸೈಕಲ್ಲಿನಂತೆ ಕಡ್ಡಿ ಇರುವ ಗಾಲಿಗಳು, ಮುಂದೆ ಉದ್ದಾನುದ್ದ ಬಾನೆಟ್ಟು. ಊರವರು ಅದಕ್ಕೆ ಮೂಗಿನ ಗಾಡಿ ಎಂದು ಹೆಸರಿಟ್ಟಿದ್ದರು. ಓಡುವಾಗ ಅದರ ದನಿ ಖಾಲಿ ಕೊಡದಲ್ಲಿ ಯಾರೋ ಗುನುಗಿದಂತೆ ಇರುತ್ತಿತ್ತು. ಆದರೆ ಅದು ಬಹಳ ಹೊತ್ತು ಓಡುತ್ತಿರಲಿಲ್ಲ. ಹತ್ತು ಮೈಲು ಹೋಗುವುದರೊಳಗೆ ಎಂಜಿನ್ ಕಾದು, ಮೂಗಿನ ತುದಿಯಿಂದ ಹಬೆ ಬಿಟ್ಟು ನಿಂತುಬಿಡುತ್ತಿತ್ತು.

ಆ ಕಾವನ್ನು ಇಳಿಸುವುದೇ ಕಾಕಾನ ರವಿವಾರಗಳ ಕೆಲಸವಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೇಟರ್ ಬೆಸೆಯುವ ಖಾದರಸಾಬ ಎಂಬ ಮಿಸ್ತ್ರಿ ಇದ್ದ. ಅವನು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಇದು ಥಂಡಿ ದೇಶದ ಕುದುರಿ ಐತ್ರಿ ಮಾಸ್ತರ. ನಮ್ಮ ಬಿಸಲಾಗ ಹ್ಯಾಂಗ ಓಡ್ಬೇಕು ಅದು?" ಎನ್ನುತ್ತಿದ್ದ. ರೇಡಿಯೇಟರ್ ಬಿಚ್ಚಿದಾಗ ಒಳಗಿನ ಸಣ್ಣ ನಳಿಗೆಗಳ ತುಂಬ ಸುಣ್ಣದಂಥ ಬಿಳಿ ಕಿಟ್ಟ ಕಟ್ಟಿತ್ತು. ನಮ್ಮೂರ ಬಾವಿಯ ಸವುಳು ನೀರಿನ ಕೆಲಸ ಅದು. ಖಾದರಸಾಬ ತೆಳ್ಳಗಿನ ತಗಡಿನ ಪಟ್ಟಿ ಹಾಕಿ ಒಂದೊಂದೇ ನಳಿಗೆಯನ್ನು ತಿಕ್ಕಿ ಬಿಡಿಸಿದ. ಅಂದಿನಿಂದ ಗಾಡಿಗೆ ಮಳೆಯ ನೀರು ಮಾತ್ರ. ಮಾಳಿಗೆಯ ನೀರು ಇಳಿಯುವ ದೋಣಿಯಿಂದ ಬಿದ್ದದ್ದನ್ನು ಕಾಕಾ ಸೋಸಿ ಹಂಡೆಯಲ್ಲಿ ತುಂಬಿಡುತ್ತಿದ್ದ, ಅದನ್ನು ಮುಟ್ಟಿದರೆ ನಮಗೆ ಬೈಗುಳ. ರೇಡಿಯೇಟರಿನ ಸುತ್ತ ಬೆರಳು ಹೋಗುವಷ್ಟು ಸಂದುಗಳಿದ್ದವು. ಎದುರಿನ ಗಾಳಿ ರೇಡಿಯೇಟರಿನೊಳಗೆ ಹೋಗುವ ಬದಲು ಆ ಸಂದುಗಳಲ್ಲಿ ಹಾದು ಹೋಗುತ್ತದೆ ಎಂದು ಕಾಕಾ ಪತ್ತೆ ಹಚ್ಚಿದ. ಓಣಿಯವರ ಹತ್ತಿರ ಹರಿದ ಜಮಖಾನದ ಚೂರುಗಳನ್ನು ಬೇಡಿ ತಂದು, ಸುತ್ತ ಮಡಚಿ ತುರುಕಿ ಸಂದು ಮುಚ್ಚಿದ. ಕೆಂಪು ನೀಲಿ ಪಟ್ಟೆಯ ಅಂಚು ಕಟ್ಟಿಕೊಂಡ ಅಂಥ ಎಂಜಿನ್ ಬೇರೆ ಎಲ್ಲೂ ಇದ್ದಿರಲಾರದು.

ಇನ್ನೊಂದು ದಿನ ಕಾಕಾ ಅಡುಗೆಮನೆಗೇ ಬಂದ. ಅವನ ಕೈಯಲ್ಲಿ ಹಿತ್ತಾಳೆಯ ಒಂದು ಸಣ್ಣ ಬಿಲ್ಲೆ ಇತ್ತು. ಅದು ಥರ್ಮೋಸ್ಟ್ಯಾಟ್, ನೀರು ಸಾಕಷ್ಟು ಕಾಯುವ ತನಕ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಕಾದ ಮೇಲೆ ತೆರೆಯುವ ಬಾಗಿಲು. ಹಿಂದಿನ ಯಾರೋ ಮಿಸ್ತ್ರಿ ಅದನ್ನು ತೆಗೆದು ಪಕ್ಕಕ್ಕಿಟ್ಟಿದ್ದನಂತೆ, ಇಲ್ಲದಿದ್ದರೆ ನೀರು ಸಲೀಸಾಗಿ ತಿರುಗಿ ತಂಪಾದೀತೆಂದು. ಆದರೆ ಈ ಗಾಡಿಯಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಸುತ್ತಿ ಎಂಜಿನ್ನಿಗೇ ಮರಳುತ್ತಿತ್ತು. ಮರಳಿ ಹಾಕುವ ಮುಂಚೆ ಅದು ಇನ್ನೂ ತೆರೆಯುತ್ತದೋ ಇಲ್ಲವೋ ನೋಡಲು ಕಾಕಾ ಅದನ್ನು ದಾರಕ್ಕೆ ಕಟ್ಟಿ, ಆಯಿಯ ಹಾಲಿನ ಪಾತೇಲಿಯಲ್ಲಿ ನೀರು ಹಾಕಿ ಇಳಿಬಿಟ್ಟು, ಶಾಲೆಯಿಂದ ತಂದ ಥರ್ಮಾಮೀಟರ್ ಹಿಡಿದು ಒಲೆಯ ಮುಂದೆ ಕೂತ. ಆಯಿಗೆ ತನ್ನ ಪಾತೇಲಿಯ ಸಿಟ್ಟು. ಆದರೆ ನೀರು ಕುದಿ ಬರುವ ಮುಂಚೆ ಆ ಬಿಲ್ಲೆಯ ನಡುವಿನ ಮುಚ್ಚಳ ಮೆಲ್ಲಗೆ ಮೇಲೆದ್ದಾಗ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಬಗ್ಗಿ ನೋಡಿದಳು. "ಹೌದಲ್ಲೋ. ಇದಕ್ಕೂ ಬಾಯಿ ಐತಿ," ಎಂದಳು. ಅಂದಿನಿಂದ ಗಾಡಿಯ ಆರೋಗ್ಯ ಕೇಳುವವರಲ್ಲಿ ಆಯಿಯೂ ಒಬ್ಬಳಾದಳು. ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಅಣ್ಣಿಗೇರಿಯ ತನಕ ನಿಲ್ಲದೆ ಹೋಗಿ ಬಂತು. ಅದರಾಚೆಗೆ ಒಯ್ಯುವ ಧೈರ್ಯ ಕಾಕಾನಿಗೆ ಇರಲಿಲ್ಲ. ಒಮ್ಮೆ ಅವಸರಕ್ಕೆ ಕಾದ ರೇಡಿಯೇಟರಿನ ಮುಚ್ಚಳ ತಿರುವಿ, ಬಲಗೈ ಮೊಣಕೈ ತನಕ ಸುಟ್ಟುಕೊಂಡಿದ್ದ. ಆ ಕಲೆ ಅವನ ಕೈಮೇಲೆ ಕಡೆಯವರೆಗೂ ಇತ್ತು.

ಆ ವರ್ಷ ನನಗೆ ಹತ್ತು ತುಂಬಿತ್ತು. ಒಂದು ದಿನ ಮಧ್ಯಾಹ್ನ ಟಪಾಲಿನವನು ಒಂದು ಕಾರ್ಡು ಕೊಟ್ಟು ಹೋದ. ಆಯಿಗೆ ಓದು ಬರುತ್ತಿರಲಿಲ್ಲ, ನಾನೇ ಓದಿದೆ. ಕಲಘಟಗಿಯ ಕಡೆ ದೇವಿಕೊಪ್ಪದಲ್ಲಿ ಆಯಿಯ ಅಕ್ಕ ಗಂಗವ್ವ ಇದ್ದಳು. ಕಾರ್ಡು ಅವಳ ಮಗನದು. 'ಅವ್ವಗ ಆರಾಮಿಲ್ಲ. ಊಟ ಬಿಟ್ಟಾಳ. ತಂಗೀನ ನೋಡಬೇಕಂತಾಳ. ಬರೂದಾದ್ರ ಲಗೂನ ಬರ್ರಿ.' ನಾನು ಓದಿ ಮುಗಿಸಿದಾಗ ಆಯಿ ಕಾರ್ಡು ಇಸಿದುಕೊಂಡು ದೀಪದ ಗೂಡಿನಲ್ಲಿ ಇಟ್ಟಳು. ಒಂಬತ್ತು ವರ್ಷದಿಂದ ಆ ಇಬ್ಬರ ನಡುವೆ ಮಾತಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ಅವರ ತಾಯಿ ಕಡೆಗಾಲದಲ್ಲಿ ಗಂಗವ್ವನ ಮನೆಯಲ್ಲಿದ್ದಳು. ಅವಳು ತೀರಿಕೊಂಡ ದಿನ ಸುದ್ದಿ ಬಂದೊಡನೆ ಆಯಿ ಬಸ್ಸು ಹಿಡಿದಿದ್ದಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವಳು ದೇವಿಕೊಪ್ಪ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದಿದ್ದರು. ತನ್ನ ಹಾದಿ ನೋಡದೆ ಅಕ್ಕ ಅವ್ವನನ್ನು ಮಣ್ಣಿಗಿಟ್ಟಳು ಎಂಬುದು ಆಯಿಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎರಡು ದಿನ ಆಯಿ ಅರಿಷಿಣದ ಕೊಂಬುಗಳನ್ನು ಕುಟ್ಟಿದಳು, ಸೋಸಿದಳು. ಮೂರನೆಯ ದಿನ ಉಣ್ಣುವಾಗ ಕಾಕಾನನ್ನು ಕೇಳಿದಳು.

"ಮಲ್ಲ್ಯಾ, ನಿನ್ನ ಗಾಡಿ ದೇವಿಕೊಪ್ಪ ಮುಟ್ಟತೈತೇನು?"

ಕಾಕಾ ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟ. "ಮುಟ್ಟತೈತಿ ಅಂತ ಹ್ಯಾಂಗ ಹೇಳ್ಲಿ ಬೇ? ಅಣ್ಣಿಗೇರಿಕಿಂತ ದೂರ ಅದು ಹೋಗಿಲ್ಲ."

ಅಪ್ಪ ಬಸ್ಸಿಗೆ ಹೋಗಲು ಹೇಳಿದ. ಬೇಕಾದರೆ ಯಾರದಾದರೂ ಜೀಪು ಕೇಳೋಣ ಎಂದ. ಆಯಿ ಅವನ ಕಡೆ ನೋಡಲೂ ಇಲ್ಲ. "ಬಸ್ಸ ನಂಬಿ ಒಮ್ಮೆ ಹೋಗೇನಿ," ಎಂದಳು. ಕಾಕಾನಿಗೆ, "ನಾಳಿ ಹೊತ್ತು ಏರೂದ್ರಾಗ ಹೊಂಡೂಣು. ನೀರು ತುಂಬ್ಕೊ," ಎಂದಳು.

ಮರುದಿನ ಬೆಳಕು ಹರಿಯುವಾಗ ಹೊರಟೆವು. ಆಯಿ ಜೀವನದಲ್ಲಿ ಮೊದಲ ಸಲ ಆ ಗಾಡಿಯಲ್ಲಿ ಕೂತದ್ದು. ಮಡಿಲಲ್ಲಿ ಒಂದು ಗಂಟು, ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಅಕ್ಕನಿಗೆಂದು ಕುಟ್ಟಿದ ಅರಿಷಿಣದ ಪುಡಿ. ಸೀಟುಗಳ ಹಿಂದೆ ಒಂದು ಪೆಟ್ಟಿಗೆ ಇಡುವಷ್ಟು ಜಾಗದಲ್ಲಿ ನಾಲ್ಕು ನೀರಿನ ಕ್ಯಾನು, ಅವುಗಳ ನಡುವೆ ನಾನು. ತಂಗಾಳಿಗೆ ಗಾಡಿ ಖುಷಿಯಿಂದ ಓಡಿತು. ಕಾವಿನ ಮುಳ್ಳು ನಡುವೆ ಅಲುಗದೆ ನಿಂತಿತ್ತು, ಕಾಕಾ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಬಿಸಿಲು ಏರುತ್ತ ಬಂದಂತೆ ಬೆನ್ನಗಾಳಿ ಬೀಸತೊಡಗಿತು. ಗಾಳಿ ನಮ್ಮ ಜೊತೆಗೇ ಓಡುತ್ತಿದ್ದರೆ ಎಂಜಿನ್ನಿಗೆ ಎದುರುಗಾಳಿ ಎಲ್ಲಿಂದ ಸಿಗಬೇಕು ಎಂದು ಕಾಕಾ ಗೊಣಗಿದ. ಹೆಬಸೂರು ದಾಟಿದ ಮೇಲೆ ರೈತರು ರಸ್ತೆಯ ಮೇಲೆಯೇ ಜೋಳದ ತೆನೆ ಹರವಿದ್ದರು, ಹೋಗಿ ಬರುವ ಗಾಡಿಗಳು ತುಳಿದು ಕಾಳು ಉದುರಲೆಂದು. ಒಂದಾದ ಮೇಲೊಂದು ಅಂಥ ಹರವು. ನಮ್ಮ ಗಾಡಿ ಅವುಗಳ ಮೇಲೆ ಮೆಲ್ಲಗೆ ಹಾದಾಗ ಹೊಟ್ಟು ಬಂಗಾರದ ಧೂಳಿನಂತೆ ಎದ್ದು ಸುತ್ತಲೂ ತೇಲುತ್ತಿತ್ತು. ನನಗೆ ಅದು ಚೆಂದ ಕಂಡಿತು. ಸ್ವಲ್ಪ ಹೊತ್ತಿಗೆ ಮುಳ್ಳು ಏರತೊಡಗಿತು.

ಕಾಕಾ ಗಾಡಿಯ ಹೀಟರು ಹಚ್ಚಿದ. ಚಳಿ ದೇಶದವರಿಗೆ ಕಾಲು ಬೆಚ್ಚಗಾಗಲೆಂದು ಕೊಟ್ಟದ್ದು ಅದು. ಎಂಜಿನ್ನಿನ ಕಾವಿನಲ್ಲಿ ಒಂದಿಷ್ಟನ್ನು ಅದು ನಮ್ಮ ಕಡೆಗೆ ಎಳೆದು ತಂದರೆ ಎಂಜಿನ್ನಿಗೆ ಅಷ್ಟು ಹಗುರ. ಕುಲುಮೆಯಂಥ ಬಿಸಿಗಾಳಿ ಆಯಿಯ ಕಾಲಿಗೆ ಬಡಿಯಿತು. ಅವಳು ಕಾಲು ಮಡಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಆದರೂ ಮುಳ್ಳು ಇಳಿಯಲಿಲ್ಲ. ಕಡೆಗೆ ಮೂಗಿನಿಂದ ಹಬೆ ಎದ್ದಿತು. ಕಾಕಾ ಒಂದು ಜಾಲಿ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಬಾನೆಟ್ಟು ಎತ್ತಿದವನೇ ಕೈಗೆ ಅರಿವೆ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದ. ಆಯಿ ಅಷ್ಟರೊಳಗೆ ಹೇಗೆ ಇಳಿದಳೋ, ಅವನ ಮುಂಗೈ ಹಿಡಿದಳು.

"ತಡಿ. ಸುಟ್ಟ ಕೈಯ್ಯಾಗ ಗಾಡಿ ಯಾರು ಹೊಡೀತಾರ?"

"ತಡಾ ಆಗ್ತೈತಿ ಬೇ. ದೊಡ್ಡವ್ವ..."

"ಆಗ್ಲಿ. ಕೂಡು."

ಮೂವರೂ ಜಾಲಿಯ ತೆಳ್ಳನೆಯ ನೆರಳಿನಲ್ಲಿ ಕೂತೆವು. ಮುಕ್ಕಾಲು ತಾಸು ಕೂತಿದ್ದೆವು. ಎಂಜಿನ್ ಒಳಗೊಳಗೆ ಕುದಿಯುವ ಸಪ್ಪಳ, ದೂರದಲ್ಲಿ ತೆನೆ ತಿರುವುವ ಹೆಂಗಸರ ಮಾತು. ಹೋಗಲು ಎಲ್ಲರಿಗಿಂತ ಅವಸರ ಇದ್ದದ್ದು ಆಯಿಗೆ, ಹಟದಿಂದ ಎಲ್ಲರನ್ನೂ ಕೂರಿಸಿದವಳೂ ಅವಳೇ. ಯಾರೂ ಕೇಳದೆಯೇ ಅವಳು ರಸ್ತೆಯ ಕಡೆ ನೋಡುತ್ತ ಮಾತಾಡಿದಳು. "ಆ ದಿನ ನಾ ಹೋಗಿ ಮುಟ್ಟಿದಾಗ ಅಕ್ಕ ಬಾಗಲದಾಗ ಕುಂತಿದ್ಲು. ಎದ್ದು ನನ್ನ ಹಿಡಕೊಳ್ಳಾಕ ಬಂದ್ಲು. ನಾ ದೂಡಿದೆ. ಊರ ಮಂದಿ ಮುಂದ, ನೀ ನನ್ನ ಅಕ್ಕ ಅಲ್ಲ ಅಂದೆ. ಒಂದು ಮಾತ ಆಡಗೊಡಲಿಲ್ಲ ಆಕಿನ್ನ." ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಆಕಿ ಮಾತ ಕೇಳಾಕ ಹೊಂಟೀನಿ," ಎಂದಳು. ಕಾಕಾ ತಲೆ ತಗ್ಗಿಸಿ ಒಂದು ಕಡ್ಡಿಯಿಂದ ಮಣ್ಣು ಕೆದರುತ್ತಿದ್ದ. ಅವಳು ಅಕ್ಕನನ್ನು ದೂಡಿದ್ದು ಅವನಿಗೂ ಆವತ್ತೇ ತಿಳಿದದ್ದು ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ.

ಗಾಡಿ ತಣ್ಣಗಾದ ಮೇಲೆ ಆಯಿಯೇ ಮೊದಲು ಎದ್ದು ಅದರ ಬಾಯಿಯೊಳಗೆ ಇಣುಕಿದಳು. ರೇಡಿಯೇಟರಿನ ಸಣ್ಣ ಜಾಳಿಗೆಯ ತುಂಬ ಜೋಳದ ಹೊಟ್ಟು ಗೋಡೆಗೆ ಸಾರಿಸಿದಂತೆ ಮೆತ್ತಿಕೊಂಡಿತ್ತು. "ಇಲ್ಲಿ ನೋಡೋ. ಇದಕ್ಕ ಉಸಿರಾಡಾಕ ಜಾಗಾ ಎಲ್ಲೈತಿ?" ಎಂದಳು. ಕಾಕಾ ಮುಂದಿನಿಂದ ನೀರು ಎರಚಲು ಹೋದ. "ಮುಂದಿಂದ ಹಾಕಿದ್ರ ಇನ್ನಷ್ಟ ಒಳಗ ಹೊಕ್ಕತೈತಿ. ಹೊಕ್ಕಿದ್ದ ಹಾದಿಲೇ ಹೊರಗ ಬರಬೇಕು ಅದು," ಎಂದು ಆಯಿ ಅವನನ್ನು ಸರಿಸಿದಳು. ಆಯುಷ್ಯವೆಲ್ಲ ಮೊರದಲ್ಲಿ ಕಾಳು ಕೇರಿ ಹಸನು ಮಾಡಿದ ಕೈ ಅದು. ಎಂಜಿನ್ನಿನ ಕಡೆಯಿಂದ ವಾಟಗದಲ್ಲಿ ನೀರು ಹುಯ್ದು ಹೊಟ್ಟನ್ನು ಮುಂದಕ್ಕೆ ಇಳಿಸಿದಳು, ಉಳಿದದ್ದನ್ನು ನನ್ನ ತಲೆಯ ಪಿನ್ನು ತೆಗೆದುಕೊಂಡು ಒಂದೊಂದು ಗೆರೆಯಲ್ಲೂ ಕೆದರಿದಳು. ತೆನೆ ತಿರುವುತ್ತಿದ್ದ ಹೆಂಗಸೊಬ್ಬಳು ಬಂದು ನೋಡಿ, ತನ್ನ ಮೊರ ತಂದು ಗಾಳಿ ಹಾಕಿದಳು. ಹೊಟ್ಟು ಹೋದ ಮೇಲೆ ಕಂಡದ್ದು ಇನ್ನೊಂದು. ಕ್ಯಾನಿನ ನೀರು ತುಂಬುತ್ತಿದ್ದಂತೆ ರೇಡಿಯೇಟರಿನ ಕೆಳಗಿನಿಂದ ನೂಲಿನೆಳೆಯಂತೆ ನೀರು ಹೊರಬಂತು. ಕಾವಿಗೆ ಎಲ್ಲೋ ಬೆಸುಗೆ ಬಿಟ್ಟಿತ್ತು. ಕಾಕಾನ ಮುಖ ಇಳಿಯಿತು. ನಡುವೆ ಎಲ್ಲೂ ಬೆಸೆಯುವವರಿಲ್ಲ. ಇಂಥ ವೇಳೆಗೆ ಲಾರಿಯವರು ರೇಡಿಯೇಟರಿಗೆ ಅರಿಷಿಣ ಹಾಕುತ್ತಾರೆ, ಪುಡಿ ಉಬ್ಬಿ ತೂತಿನಲ್ಲಿ ಕೂತು ಮುಚ್ಚಿಕೊಳ್ಳುತ್ತದೆ ಎಂದು ಖಾದರಸಾಬ ಹೇಳಿದ್ದು ಅವನಿಗೆ ನೆನಪಾಯಿತು. ಅದನ್ನು ಆಯಿಗೆ ಹೇಳಿದ, ಆದರೆ ಗಂಟಿನಲ್ಲಿದ್ದ ಪುಡಿ ಕೊಡೆಂದು ಕೇಳಲಿಲ್ಲ. ಆಯಿ ಗಂಟು ಬಿಚ್ಚಿ, ಅಕ್ಕನಿಗೆಂದು ಎರಡು ದಿನ ಕುಟ್ಟಿದ್ದ ಪುಡಿಯಲ್ಲಿ ಅರ್ಧ ತೆಗೆದು ತಾನೇ ಅದರ ಬಾಯಿಗೆ ಸುರಿದಳು. ಎಂಜಿನ್ ಚಾಲೂ ಮಾಡಿದಾಗ ಹಳದಿ ನೀರು ತೊಟ್ಟಿಕ್ಕಿ, ಕಾದ ಕಬ್ಬಿಣದ ಮೇಲೆ ಸೀದು, ಮೆಲ್ಲಗೆ ನಿಂತಿತು.

ಹುಬ್ಬಳ್ಳಿಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ನಿಂತಲ್ಲೇ ಎಂಜಿನ್ ನಡೆದರೆ ಮತ್ತೆ ಕಾಯುತ್ತದೆಂದು ಕಾಕಾ ಅದನ್ನು ಬಂದ್ ಮಾಡಿದ. ಗೇಟು ತೆರೆದಾಗ ಹಿಂದಿನ ಟಾಂಗಾದವನು ಇಳಿದು ಹಳಿ ದಾಟುವ ತನಕ ದೂಡಿಕೊಟ್ಟ. ಕಲಘಟಗಿಯ ದಾರಿಗೆ ಬಿದ್ದ ಮೇಲೆ ರಸ್ತೆಗೆ ಮರಗಳ ನೆರಳು ಬಂತು, ಗಾಳಿ ಎದುರಾಯಿತು. ಮುಳ್ಳು ಇಳಿದು ತನ್ನ ಜಾಗಕ್ಕೆ ಬಂದು ಕೂತಿತು. ದೇವಿಕೊಪ್ಪದ ಆ ಮನೆಯ ಮುಂದೆ ನಿಂತಾಗ ಮಧ್ಯಾಹ್ನ ಹೊರಳಿತ್ತು. ಗಂಗವ್ವ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಳು, ಕೌದಿಯ ಕೆಳಗೆ ಮೈಯೇ ಇಲ್ಲವೇನೋ ಅನ್ನುವಷ್ಟು ಬಡಕಲಾಗಿ. ಆಯಿಯ ಸೀರೆಯ ತುಂಬ ಎಣ್ಣೆ, ಮಸಿ, ಅರಿಷಿಣದ ಕಲೆ. ಅವಳು ಹೊರಸಿನ ಹತ್ತಿರ ನೆಲದ ಮೇಲೆ ಕೂತಳು. ಗಂಗವ್ವ ಕಣ್ಣು ತೆರೆದು ಬಹಳ ಹೊತ್ತು ನೋಡಿದಳು.

"ತಡಾ ಆತಲ್ಲ ನೀಲೂ."

"ಗಾಡಿ ಕಾದಿತ್ತು ಅಕ್ಕಾ."

"ನಾನೂ ಕಾದಿದ್ದೆ," ಎಂದಳು ಗಂಗವ್ವ. "ಆ ದಿನ. ಹೊತ್ತು ಇಳಿಯೂತನಕ ಮಂದಿನ್ನ ತಡದಿದ್ದೆ. ಇನ್ನ ಇಡಾಕ ಆಗೂದಿಲ್ಲ ಅಂದ್ರು."

ಆಯಿ ಹೊರಸಿನ ಅಂಚಿಗೆ ಹಣೆ ಹಚ್ಚಿದಳು. ಗಂಗವ್ವನ ಕೈ ಕೌದಿಯಿಂದ ಹೊರಬಂದು ಅವಳ ತಲೆಯ ಮೇಲೆ ಕೂತಿತು, ಕೂದಲಲ್ಲಿ ಸಿಕ್ಕಿದ್ದ ಹೊಟ್ಟನ್ನು ಒಂದೊಂದೇ ಆರಿಸತೊಡಗಿತು. ಕಾಕಾ ನನ್ನ ಹೆಗಲು ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಗಾಡಿಗೆ ಬೆನ್ನು ಕೊಟ್ಟು ಕೂತವನು ಹಾಗೇ ನಿದ್ದೆ ಹೋದ.

ಗಂಗವ್ವ ಆ ಸಲ ಸಾಯಲಿಲ್ಲ. ಮರುದಿನ ತಂಗಿ ಮಾಡಿದ ನುಚ್ಚು ಮಜ್ಜಿಗೆ ಉಂಡಳು. ಆಯಿ ಯುಗಾದಿ ಮುಗಿಯುವ ತನಕ ಅಲ್ಲೇ ಉಳಿದಳು. ಅದಾದ ಮೇಲೆ ಒಂದೂವರೆ ವರ್ಷ ಕಾಕಾ ಸೂಟಿ ಸಿಕ್ಕಾಗಲೆಲ್ಲ ಆಯಿಯನ್ನು ದೇವಿಕೊಪ್ಪಕ್ಕೆ ಬಿಟ್ಟು ಬರುತ್ತಿದ್ದ. ಖಾದರಸಾಬ ಬೆಸುಗೆ ಸರಿ ಮಾಡಿದ, ಕಾಕಾ ಗಾಡಿಯ ಬಾಯಿಗೆ ಹೊಟ್ಟು ಹೋಗದಂತೆ ಜರಡಿಯ ಜಾಳಿಗೆ ಕಟ್ಟಿದ. ದಾರಿಯಲ್ಲಿ ಯಾವ ಊರಲ್ಲಿ ಒಳ್ಳೆಯ ನೀರಿದೆ, ಎಲ್ಲಿ ಏರು, ಎಲ್ಲಿ ನಿಂತು ಆರಿಸಬೇಕು ಎಂಬುದು ಅವನಿಗಿಂತ ಆಯಿಗೆ ಚೆನ್ನಾಗಿ ಗೊತ್ತಾಯಿತು. ಗಂಗವ್ವ ಹೋದದ್ದು ಒಂದು ಮಳೆಗಾಲದಲ್ಲಿ, ತಂಗಿಯ ತೊಡೆಯ ಮೇಲೆ. ಮಣ್ಣು ಮಾಡಿ ಬಂದ ಮೇಲೆ ಆಯಿ ಮತ್ತೆ ಆ ಗಾಡಿ ಹತ್ತಲಿಲ್ಲ. ಸ್ವಲ್ಪ ದಿನಕ್ಕೆ ಕಾಕಾನಿಗೆ ಕುಂದಗೋಳಕ್ಕೆ ವರ್ಗವಾಯಿತು. ವಾರಕ್ಕೊಮ್ಮೆ ಬಸ್ಸಿಗೆ ಬರುವವನು ಗಾಡಿಯ ಮೇಲೆ ತಾಡಪತ್ರಿ ಹೊದಿಸಿದ. ಕಡೆಗೆ ಬೆಳಗಾವಿಯ ಕಡೆಯಿಂದ ಹಳೆಯ ಗಾಡಿಗಳ ಹುಚ್ಚಿನ ಒಬ್ಬರು ಬಂದು ಅದನ್ನು ಲಾರಿಗೆ ಏರಿಸಿಕೊಂಡು ಹೋದರು. ಅವರಿಗೆ ಕಾಕಾ ಥರ್ಮೋಸ್ಟ್ಯಾಟಿನ ಮಾತು, ಬೆನ್ನಗಾಳಿಯ ಮಾತು ಎಲ್ಲ ಹೇಳಿದ. ಅವರು ಹೂಂ ಅಂದರು. ಜಮಖಾನದ ಚೂರುಗಳನ್ನು ಏಕೆ ತುರುಕಿದ್ದು ಎಂದು ಕೇಳಿ ನಕ್ಕರು.

ಗಾಡಿ ಹೋದ ಮೇಲೆ ಬೇವಿನ ಗಿಡದ ಕೆಳಗೆ ಒಂದು ತಾಟಿನಗಲ ಹಸಿರು ಕಂಡಿತು. ಇಷ್ಟು ವರ್ಷ ರೇಡಿಯೇಟರಿನಿಂದ ಹನಿ ಹನಿಯಾಗಿ ಬಿದ್ದ ನೀರಿಗೆ ಆ ಗಟ್ಟಿ ನೆಲದಲ್ಲಿ ಗರಿಕೆ ಬೆಳೆದಿತ್ತು, ಗಾಡಿ ಇರುವ ತನಕ ನಮಗೆ ಯಾರಿಗೂ ಕಂಡಿರಲಿಲ್ಲ. ಆಯಿ ದಿನಾ ಸಂಜೆ ಅಕ್ಕಿ ತೊಳೆದ ನೀರನ್ನು ತಂದು ಅದಕ್ಕೆ ಹಾಕುತ್ತಿದ್ದಳು. ಒಂದು ಶನಿವಾರ ಊರಿಗೆ ಬಂದ ಕಾಕಾ ಅದನ್ನು ನೋಡಿದ, ಚಪ್ಪಲಿ ಬಿಟ್ಟು ಒಳಗೆ ಹೋದ. ಆಯಿ ತೀರಿಕೊಂಡ ವರ್ಷದ ಬೇಸಿಗೆಗೆ ಗರಿಕೆ ಒಣಗಿತು. ನೀರು ಹಾಕಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಈಗ ಆ ಓಣಿಯಲ್ಲಿ ಪಂಜಾದ ಸಪ್ಪಳ ಅಪರೂಪ, ಮಣ್ಣಿನ ಮನೆ ಇದ್ದಲ್ಲಿ ಎರಡು ಅಂಗಡಿಗಳಿವೆ. ಕಾಕಾ ಹೋಗಿಯೂ ಮೂರು ವರ್ಷವಾಯಿತು. ಅವನ ದಿನಕರ್ಮಕ್ಕೆ ಊರಿಗೆ ಹೋದಾಗ, ಗರಿಕೆ ಇದ್ದ ಜಾಗ ಎಲ್ಲಿರಬಹುದೆಂದು ಹೆಜ್ಜೆ ಎಣಿಸಿ ನೋಡಲು ನಿಂತೆ. ಬೇವಿನ ಗಿಡವೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎಲ್ಲಿಂದ ಎಣಿಸಬೇಕೆಂದು ತಿಳಿಯಲಿಲ್ಲ.